ಗೋಡೆಯ ಮೇಲಿನ ಹಗ್ಗ ಮಾರಾಟಕ್ಕಿದೆ

ಮಾರ್ಚ್ 3

ಪುಟ್ಟಿ,

ಫೋನ್ ಬಿಟ್ಟು ಕಾಗದ ಬರೆಯುತ್ತಿದ್ದಾಳಲ್ಲ, ಅತ್ತಿಗೆಗೆ ತಲೆ ಕೆಟ್ಟಿತೇ ಅಂದುಕೊಳ್ಳಬೇಡ. ಫೋನಿನಲ್ಲಿ ನಿನ್ನ ದನಿ ಥೇಟ್ ನಿನ್ನ ಅಣ್ಣನ ದನಿ. ನೀನು "ಹಲೋ" ಅಂದರೆ ಸಾಕು, ನನಗೆ ಜಗಳ ಶುರು ಮಾಡಬೇಕು ಅನ್ನಿಸುತ್ತದೆ. ಕಾಗದದಲ್ಲಾದರೆ ನೀನು ನೀನಾಗಿಯೇ ಇರುತ್ತೀಯ.

ಸುದ್ದಿ ನಿನಗೆ ಮುಟ್ಟಿರುತ್ತದೆ. ಬಂಡೆ ಹತ್ತುವ ಬಳಗಕ್ಕೆ ಹೊಸದಾಗಿ ಸೇರಿದ್ದ ಹಲ್ಲಿನ ಡಾಕ್ಟರಮ್ಮನ ಜೊತೆ ನಿನ್ನ ಅಣ್ಣ ಹೋದ. ಬಟ್ಟೆ ಮಾತ್ರ ತುಂಬಿಕೊಂಡ. ಹಿಂದಿನ ಕೋಣೆಯಲ್ಲಿ ಅವನ ಬೆಟ್ಟದ ಸಾಮಾನು ಹಾಗೇ ಬಿದ್ದಿದೆ: ಟೆಂಟು, ಸ್ಟವ್, ಮಲಗುವ ಚೀಲ, ಬೂಟು, ತಲೆಗೆ ಕಟ್ಟುವ ದೀಪ. ಏನು ಮಾಡಲಿ ಅಂತ ಮೆಸೇಜ್ ಹಾಕಿದ್ದಕ್ಕೆ, "ಏನಾದರೂ ಮಾಡ್ಕೋ, ನನಗೆ ಎಲ್ಲ ಹೊಸದು ಬರ್ತಾ ಇದೆ" ಅಂತ ಉತ್ತರ ಬಂತು. ಹೊಸದು ಬರುತ್ತಿದೆಯಂತೆ. ಹೆಂಡತಿಯನ್ನೂ ಸೇರಿಸಿಯೇ ಹೇಳಿದ್ದಿರಬೇಕು.

ಸರಿ, ಮಾರುತ್ತೇನೆ. ನಿನ್ನ ಕೆಲಸವೇ ಇದು ತಾನೆ? ನಿಮ್ಮ ಬೆಟ್ಟದ ಸಾಮಾನಿನ ಅಂಗಡಿ ಇಂಟರ್ನೆಟ್ಟಿನಲ್ಲಿ ನಡೆಸುವ ಹಳೇ ಸಾಮಾನಿನ ಪುಟಕ್ಕೆ ಬರುವ ಜಾಹೀರಾತನ್ನೆಲ್ಲ ಓದಿ, ತಿದ್ದಿ, ಹಾಕುವವಳು ನೀನು. ಇಲ್ಲಿನ ಬಳಗದವರೂ ದಿನಾ ನೋಡುವುದು ಅದೇ ಪುಟ. ಕೆಲವು ಬರೆದಿದ್ದೇನೆ, ಹಾಕು.

"ಒಬ್ಬರು ಮಲಗುವ ಚೀಲ. ಮಾಲೀಕನಿಗೆ ಒಬ್ಬನೇ ಮಲಗಿ ಅಭ್ಯಾಸವಿಲ್ಲದ ಕಾರಣ ಮಾರಾಟಕ್ಕಿದೆ."

"ತಲೆದೀಪ. ಕತ್ತಲಲ್ಲಿ ಎಲ್ಲವೂ ಕಾಣಿಸುತ್ತದೆ, ಎದುರಿಗಿರುವ ಹೆಂಡತಿಯೊಬ್ಬಳನ್ನು ಬಿಟ್ಟು."

"ಬೂಟು. ಹೊಸಿಲು ದಾಟಿ ಹೋಗುವುದರಲ್ಲಿ ಚೆನ್ನಾಗಿ ಪಳಗಿವೆ."

"ದಿಕ್ಸೂಚಿ. ಸರಿಯಾಗಿಯೇ ತೋರಿಸುತ್ತದೆ. ಇಟ್ಟುಕೊಂಡವನು ದಾರಿ ತಪ್ಪಿದರೆ ಅದು ಏನು ಮಾಡೀತು, ಪಾಪ."

ಇನ್ನು ಆ ಹಗ್ಗ. ನೀನು ಬಂದಾಗೆಲ್ಲ ನೋಡಿದ್ದೀಯ, ಹಾಲಿನ ಗೋಡೆ ಮೇಲೆ ಸುತ್ತಿ ತೂಗುಹಾಕಿದ ನೀಲಿ ಹಗ್ಗ. ನನ್ನನ್ನು ನೇಣು ಹಾಕುವುದಕ್ಕೇ ಇಟ್ಟ ಹಾಗಿದೆ. ಏಳು ವರ್ಷದ ಹಿಂದೆ ಅವನು ಬಂಡೆಯ ಮೇಲಿದ್ದ, ಕೆಳಗೆ ಹಗ್ಗ ಹಿಡಿದವಳು ನಾನು. ಇಳಿಸುತ್ತಾ ಇಳಿಸುತ್ತಾ ಇದ್ದಕ್ಕಿದ್ದ ಹಾಗೆ ಹಗ್ಗ ನನ್ನ ಕೈಯಲ್ಲಿರಲಿಲ್ಲ. ಅಂಗೈ ಸುಟ್ಟುಹೋಗಿತ್ತು. ಅವನು ಎರಡು ಆಳೆತ್ತರದಿಂದ ಬಿದ್ದು ಕಾಲು ಮುರಿದುಕೊಂಡ. "ಅವಳು ಕೈ ಬಿಟ್ಟುಬಿಟ್ಲು" ಅಂದ. ಬಳಗದವರೆಲ್ಲ ನಂಬಿದರು. ನಾನೂ ನಂಬಿದೆ. ಆಮೇಲೆ ಯಾರೂ ನನ್ನ ಕೈಗೆ ಹಗ್ಗ ಕೊಡಲಿಲ್ಲ, ನಾನೂ ಬಂಡೆಯ ಕಡೆ ತಲೆ ಹಾಕಲಿಲ್ಲ. ಅವನು ಮಾತ್ರ ಆ ಹಗ್ಗವನ್ನು ಗೋಡೆಗೆ ಹಾಕಿ, ಬಂದವರಿಗೆಲ್ಲ ತೋರಿಸಿ, "ನಮ್ಮನೆಯವಳು ನನ್ನನ್ನ ಕೊಲ್ಲೋಕೆ ನೋಡಿದ ಹಗ್ಗ" ಅಂತ ನಗಿಸುತ್ತಿದ್ದ. ಕಾಫಿ ತಂದುಕೊಡುತ್ತಾ ನಾನೂ ನಗುತ್ತಿದ್ದೆ.

ಪ್ರತಿ ಜಗಳದಲ್ಲೂ ಕೊನೆಗೆ ಆ ಕಾಲು ಬರುತ್ತಿತ್ತು. ಡಾಕ್ಟರಮ್ಮನ ವಿಷಯ ತೆಗೆದಾಗಲೂ, "ನನ್ನ ಕಾಲು ಮುರಿದೋಳು ನೀನು, ನಾನು ಏನಾದ್ರೂ ಅಂದ್ನಾ?" ಅಂದ. ನನ್ನ ಬಾಯಿ ಕಟ್ಟಿಹೋಯಿತು. ಈಗ ಬಿಚ್ಚಿಕೊಂಡಿದೆ ಪುಟ್ಟಿ. ಅವನ ಒಂದು ಮೊಳೆಯನ್ನೂ ಈ ಮನೆಯಲ್ಲಿ ಉಳಿಸುವುದಿಲ್ಲ.

ಅತ್ತಿಗೆ


ಮಾರ್ಚ್ 9

ಪ್ರೀತಿಯ ಅತ್ತಿಗೆ,

ಇಷ್ಟು ವರ್ಷ ಅಣ್ಣನಿಗೆ "ಅವರು" ಅನ್ನುತ್ತಿದ್ದವರು ಒಂದೇ ಕಾಗದದಲ್ಲಿ "ಅವನು" ಮಾಡಿಬಿಟ್ಟಿರಿ. ಮೊದಲು ನಗು ಬಂತು. ಆಮೇಲೆ ಬರಲಿಲ್ಲ.

ನಿಮ್ಮ ಜಾಹೀರಾತು ಓದಿ ಅಂಗಡಿಯಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ಆದರೂ ಹಾಕುವುದಿಲ್ಲ. ಕೋಪ ಮಾಡಿಕೊಳ್ಳಬೇಡಿ. ಇವನ್ನು ಓದಿದವರು ನಾಲ್ಕು ಜನರಿಗೆ ಕಳಿಸಿ ನಗುತ್ತಾರೆ, ಒಬ್ಬರೂ ಕೊಳ್ಳುವುದಿಲ್ಲ. ಕೊಳ್ಳುವವರಿಗೆ ನಿಮ್ಮ ಗಂಡ ಬೇಡ, ಬೂಟು ಬೇಕು. ಬೂಟಿನ ಬಗ್ಗೆ ನೀವು ಒಂದಕ್ಷರ ಬರೆದಿಲ್ಲ.

ನಾನು ಎಲ್ಲರಿಗೂ ಹೇಳುವುದನ್ನೇ ನಿಮಗೂ ಹೇಳುತ್ತೇನೆ. ಚಿತ್ರವನ್ನು ಕಿಟಕಿಯ ಪಕ್ಕ, ಹಗಲಿನ ಬೆಳಕಿನಲ್ಲಿ ತೆಗೆಯಿರಿ. ಹಿಂದೆ ಮಂಚ, ಬಕೆಟ್ಟು, ಒಗೆಯಬೇಕಾದ ಬಟ್ಟೆ ಕಾಣಬಾರದು. ಮಲಗುವ ಚೀಲವನ್ನು ಒಂದು ದಿನ ಬಿಚ್ಚಿ ಹರಡಿ. ಉಬ್ಬಿದ ಮೇಲೆ ಚಿತ್ರ ತೆಗೆಯಿರಿ, ಅದು ಎಷ್ಟು ಬೆಚ್ಚಗಿದ್ದೀತು ಅನ್ನುವುದು ನೋಡಿದರೇ ಗೊತ್ತಾಗುತ್ತದೆ. ಬೂಟಿನ ಮೇಲ್ಭಾಗ ಯಾರಿಗೂ ಬೇಡ, ಅಡಿ ತೋರಿಸಿ. ಟೆಂಟಿನ ಒಳಪದರವನ್ನು ಬೆರಳಿನಿಂದ ಮುಟ್ಟಿ ನೋಡಿ. ಅಂಟಂಟಾಗಿದ್ದರೆ ನೀರು ತಡೆಯುವ ಲೇಪ ಹೋಗಿದೆ ಅಂತ ಅರ್ಥ, ಅದನ್ನು ಬರೆಯಲೇಬೇಕು. ಜಿಪ್ಪುಗಳನ್ನು ಎಳೆದು ನೋಡಿ. ದೀಪದ ಬ್ಯಾಟರಿ ಸೋರಿದೆಯೇ ನೋಡಿ.

ಎಲ್ಲಕ್ಕಿಂತ ಮುಖ್ಯವಾದದ್ದು: ಏನು ಕೆಟ್ಟಿದೆಯೋ ಅದನ್ನು ನೀವೇ ಮೊದಲು ಹೇಳಿ. ಕೊಂಡವರು ಮನೆಗೆ ಹೋಗಿ ಕಂಡುಹಿಡಿದರೆ ನೀವು ಕಳ್ಳಿ, ನೀವೇ ಹೇಳಿದರೆ ನೀವು ನಂಬುವಂಥವರು. "ಸೂಪರ್", "ಅದ್ಭುತ", "ಹೊಸದರ ಹಾಗಿದೆ" ಇಂಥವು ಬೇಡ. ಬೈಗುಳವೂ ಬೇಡ. ಅಳತೆ ಕೊಡಿ, ದೋಷ ಹೇಳಿ, ಮಾರುವುದಕ್ಕೆ ಕಾರಣ ಒಂದು ಸಾಲು. ಮುಗಿಯಿತು.

ಅಣ್ಣನ ಸುದ್ದಿ ನನಗೂ ಅಷ್ಟಾಗಿ ಗೊತ್ತಿಲ್ಲ. ಚೆನ್ನಾಗಿ ಊಟ ಮಾಡಿ.

ನಿಮ್ಮ ಪುಟ್ಟಿ


ಮಾರ್ಚ್ 17

ಪುಟ್ಟಿ,

ನೀನು ಸಣ್ಣವಳಿದ್ದಾಗ ನಿನಗೆ ಜಡೆ ಹಾಕಿದವಳು ನಾನು. ಈಗ ನೀನು ನನಗೆ ಪಾಠ ಹೇಳುತ್ತೀಯ. ಇರಲಿ, ಪಾಠ ಚೆನ್ನಾಗಿದೆ.

ಎಲ್ಲ ಮತ್ತೆ ಬರೆದು ಕಳಿಸಿದೆ, ನೀನು ಹಾಕಿದೆ, ಆಗಲೇ ಅರ್ಧಕ್ಕರ್ಧ ಖಾಲಿ. ಬೂಟು ಕೊಳ್ಳಲು ಬಂದವನು ಅಡಿ ತಿರುಗಿಸಿ ನೋಡಿ, "ಎಡಗಾಲಿನ ಹಿಮ್ಮಡಿ ಹೆಚ್ಚು ಸವೆದಿದೆ ಅಂತ ನೀವೇ ಬರೆದಿದ್ರಿ, ಅದಕ್ಕೇ ನಂಬಿಕೆ ಬಂತು" ಅಂದ. ಟೆಂಟಿನ ಲೇಪ ಹೋಗಿತ್ತು, ಹಾಗಂತಲೇ ಬರೆದೆ. ಒಬ್ಬಾಕೆ ಮಕ್ಕಳ ಆಟಕ್ಕೆ ಅಂತ ಖುಷಿಯಿಂದ ಒಯ್ದಳು. ಅವನಂತೂ ಆ ಟೆಂಟನ್ನು "ನನ್ನ ಅರಮನೆ" ಅಂತ ಬಳಗದವರ ಮುಂದೆ ಕೊಚ್ಚಿಕೊಳ್ಳುತ್ತಿದ್ದ. ಅರಮನೆ ಸೋರುತ್ತದೆ ಅಂತ ಈಗ ಊರಿಗೆಲ್ಲ ಗೊತ್ತು.

ಒಂದು ವಿಷಯ ಅರ್ಥವಾಯಿತು. ಬೈದು ಬರೆದಾಗ ನನಗೆ ಎರಡು ನಿಮಿಷ ತಂಪಾಗುತ್ತಿತ್ತು. "ಲೇಪ ಹೋಗಿದೆ, ಅಂಟುತ್ತದೆ, ಮಳೆಗೆ ಆಗುವುದಿಲ್ಲ" ಅಂತ ಬರೆದ ಮೇಲೆ ಇಡೀ ವಾರ ತಂಪಾಗಿದ್ದೇನೆ. ಕನ್ನಡಕದ ಅಂಗಡಿಯಲ್ಲಿ ನಾನು ಗಿರಾಕಿಗಳ ಮೂಗಿನ ಮೇಲೆ ಫ್ರೇಮು ಕೂರಿಸುತ್ತಾ ಒಬ್ಬಳೇ ನಗುತ್ತಿದ್ದೆ ಅಂತ ಪಕ್ಕದ ಕೌಂಟರಿನವಳು ಹೇಳಿದಳು.

ಉಳಿದದ್ದು ಹಗ್ಗ. ಅದನ್ನು ಹೇಗೆ ಬರೆಯಬೇಕು ಹೇಳು.

ಅತ್ತಿಗೆ


ಮಾರ್ಚ್ 22

ಅತ್ತಿಗೆ,

ಆ ಹಗ್ಗ ಯಾಕೆ? ಕತ್ತರಿಸಿ ಬಿಸಾಡಿ. ಒಮ್ಮೆ ಆಸಾಮಿ ಬಿದ್ದ ಹಗ್ಗ, ಅದೂ ಇಷ್ಟು ಹಳೆಯದು. ಹತ್ತುವುದಕ್ಕೆ ಅದನ್ನು ನಮ್ಮ ಪುಟದಲ್ಲಿ ಮಾರಲು ಬಿಡುವುದಿಲ್ಲ.

ಹಟ ಮಾಡುತ್ತೀರಿ ಅಂತ ಗೊತ್ತು, ಅದಕ್ಕೇ ಹೇಳಿಬಿಡುತ್ತೇನೆ. "ಸಾಮಾನು ಕಟ್ಟಲು ಮಾತ್ರ" ಅಂತ ಬರೆದರೆ ಹಾಕಬಹುದು. ಉದ್ದ ಬರೆಯಬೇಕು. ಕೊಂಡಾಗ ಚೀಟಿಯಲ್ಲಿದ್ದ ಉದ್ದವನ್ನು ನಂಬಬೇಡಿ, ನೀವೇ ಅಳೆಯಿರಿ. ಹಗ್ಗದ ನಡುಮಧ್ಯೆ ಕಪ್ಪು ಗುರುತು ಇರುತ್ತದಲ್ಲ, ಅಲ್ಲಿ ಮಡಚಿ ಎರಡು ಎಳೆಯನ್ನೂ ಒಟ್ಟಿಗೆ ಹಿಡಿದು ಬೆರಳಾಡಿಸುತ್ತಾ ಹೋಗಿ. ಎಲ್ಲಾದರೂ ಮೆತ್ತಗೆ, ಚಪ್ಪಟೆ ಅನ್ನಿಸಿದರೆ ಒಳಗೆ ಪೆಟ್ಟಾಗಿದೆ ಅಂತ ಲೆಕ್ಕ. ಎರಡೂ ತುದಿ ಒಟ್ಟಿಗೆ ಸಿಗುತ್ತವೆ. ಅಷ್ಟೇ ಕೆಲಸ.

ಪುಟ್ಟಿ


ಮಾರ್ಚ್ 30

ಪುಟ್ಟಿ, ಕೂತುಕೊಂಡು ಓದು.

ಎರಡೂ ತುದಿ ಒಟ್ಟಿಗೆ ಸಿಗಲಿಲ್ಲ.

ಭಾನುವಾರ ಬೆಳಿಗ್ಗೆ ಕುರ್ಚಿ ಹತ್ತಿ ಹಗ್ಗ ಇಳಿಸಿದೆ. ಆ ದಿನದ ಮೇಲೆ ನಾನು ಅದನ್ನು ಮುಟ್ಟಿದ್ದು ಇದೇ ಮೊದಲು. ಧೂಳು ಒರೆಸಲು ಹೋದರೂ "ನೀನು ಮುಟ್ಟಬೇಡಮ್ಮಾ" ಅಂತ ಕೈ ಮುಗಿದು ನಗಿಸುತ್ತಿದ್ದ. ಚಾಪೆ ಮೇಲೆ ಕೂತು, ಕಪ್ಪು ಗುರುತಿನಲ್ಲಿ ಮಡಚಿ, ನೀನು ಹೇಳಿದ ಹಾಗೆ ಬೆರಳಾಡಿಸುತ್ತಾ ಹೋದೆ. ಒಂದು ಎಳೆ ಮುಗಿದುಹೋಯಿತು. ಇನ್ನೊಂದು ಇನ್ನೂ ಇತ್ತು. ಎಳೆದೆ, ಇನ್ನೂ ಇತ್ತು. ಎರಡೂ ಕೈ ಚಾಚಿ ಅಳೆದೆ: ಮೂರು ಮಾರು ಹೆಚ್ಚು. ಉದ್ದದ ತುದಿಗೆ ಕಂಪನಿಯ ಬಿಳಿ ಪಟ್ಟಿ ಅಂಟಿದೆ. ಗಿಡ್ಡ ತುದಿಗೆ ಪಟ್ಟಿ ಇಲ್ಲ. ಚಾಕುವಿನಿಂದ ಕತ್ತರಿಸಿ, ಬಿಚ್ಚಿಕೊಳ್ಳದ ಹಾಗೆ ಬೆಂಕಿ ಹಿಡಿದು ಕರಗಿಸಿದ್ದಾರೆ. ಕರ್ರಗಿನ ಗುಂಡು.

ನಾನು ಬಂಡೆ ಬಿಟ್ಟು ಏಳು ವರ್ಷವಾಯಿತು, ಕಲಿತದ್ದು ಮರೆತಿಲ್ಲ. ಹತ್ತುವವನಿಗೆ ಒಂದು ತುದಿ ಕಟ್ಟುತ್ತೇವೆ. ಅವನು ಮೇಲೆ ಮುಟ್ಟುವ ಹೊತ್ತಿಗೆ ಕಪ್ಪು ಗುರುತು ಹಿಡಿದವಳ ಕೈ ದಾಟಿರದಿದ್ದರೆ, ಅರ್ಧಕ್ಕಿಂತ ಹೆಚ್ಚು ಹಗ್ಗ ಅವಳ ಹತ್ತಿರವೇ ಉಳಿದಿದೆ ಅಂತ ಅರ್ಥ. ಹತ್ತಿದಷ್ಟನ್ನೂ ಇಳಿಸಬಹುದು. ಇದನ್ನು ನನಗೆ ಕಲಿಸಿದವನು ನಿನ್ನ ಅಣ್ಣನೇ. ಆ ದಿನ ನಾನು ಕಣ್ಣು ಕೀಳದೆ ಆ ಗುರುತನ್ನೇ ನೋಡುತ್ತಿದ್ದೆ. ಅದು ನನ್ನ ಕೈ ದಾಟಲಿಲ್ಲ. "ಹಗ್ಗ ಸಾಕಷ್ಟಿದೆ" ಅಂತ ಕೂಗಿದೆ. "ಇಳಿಸು" ಅಂದ. ಇಳಿಸಿದೆ. ಹಗ್ಗ ಜಾರಿಹೋಗದ ಹಾಗೆ ತುದಿಗೆ ಒಂದು ಗಂಟು ಇರಲಿ ಅಂದಿದ್ದಕ್ಕೆ, "ಅದು ಪುಕ್ಕಲರ ಗಂಟು" ಅಂದಿದ್ದವನೂ ಅವನೇ.

ನನ್ನ ಕಡೆಯ ತುದಿಯಿಂದ ಮೂರು ಮಾರು ಮೊದಲೇ ಹೋಗಿತ್ತು ಪುಟ್ಟಿ. ಅವನ ಹಗ್ಗಕ್ಕೆ ಅವನಲ್ಲದೆ ಬೇರೆ ಯಾರೂ ಚಾಕು ಹಾಕುತ್ತಿರಲಿಲ್ಲ. ನಾನು ಹಗ್ಗ ಬಿಡಲಿಲ್ಲ. ಹಗ್ಗವೇ ಮುಗಿದುಹೋಯಿತು.

ಏಳು ವರ್ಷ! ಬಳಗದ ಹೆಂಗಸರು ಮಕ್ಕಳನ್ನು ನನ್ನ ಕೈಗೆ ಕೊಡುವಾಗ "ಗಟ್ಟಿ ಹಿಡ್ಕೊಳಮ್ಮಾ" ಅಂತ ನಗುತ್ತಿದ್ದರು. ಮಗು ಬೇಕು ಅಂತ ಕೇಳಿದಾಗ ಅವನು, "ನಿನ್ನ ಕೈಯಲ್ಲಾ?" ಅಂದಿದ್ದ. ಆ ಮಾತಿಗೆ ನಾನು ತಲೆ ತಗ್ಗಿಸಿದ್ದೆ. ತಲೆ ತಗ್ಗಿಸಿದ್ದೆ ಕಣೇ, ಹೌದಲ್ಲವಾ ಅಂತ.

ಅವನ ಜನ್ಮ ಜಾಲಾಡುತ್ತೇನೆ. ನೀನು ಹೇಳಿಕೊಟ್ಟ ಹಾಗೇ ಮಾಡುತ್ತೇನೆ, ಒಂದು ಬೈಗುಳವೂ ಇಲ್ಲದೆ.

ಅತ್ತಿಗೆ


ಏಪ್ರಿಲ್ 14

ಅತ್ತಿಗೆ,

ತಡವಾಯಿತು, ಕ್ಷಮಿಸಿ. ಅಂಗಡಿಯಲ್ಲಿ ಕೆಲಸ ಹೆಚ್ಚಿತ್ತು.

ಸಮಾಧಾನದಿಂದ ಯೋಚಿಸಿ. ಹಗ್ಗ ಈಗ ಗಿಡ್ಡವಾಗಿದೆ ಅನ್ನುವುದು ನಿಜ. ಅಂದೇ ಗಿಡ್ಡವಾಗಿತ್ತು ಅನ್ನುವುದಕ್ಕೆ ಏನಿದೆ? ಬಿದ್ದ ಮೇಲೆ ಯಾವಾಗಲೋ ಏನಕ್ಕೋ ಕತ್ತರಿಸಿರಬಹುದು. ಏಳು ವರ್ಷ ಗೋಡೆ ಮೇಲಿದ್ದ ವಸ್ತು, ಯಾರು ಏನು ಮಾಡಿದರೋ.

ಇನ್ನೊಂದು ವಿಷಯ. ನಿಮ್ಮಿಂದ ಮುಚ್ಚಿಟ್ಟಿದ್ದೆ. ಅಣ್ಣ ಇಲ್ಲೇ ಇದ್ದಾನೆ, ನಮ್ಮ ಮನೆಯ ಎದುರು ಬೀದಿಯಲ್ಲಿ ಮನೆ ಮಾಡಿದ್ದಾನೆ. ಮೇ ತಿಂಗಳಲ್ಲಿ ಬಂಡೆ ಹತ್ತುವುದನ್ನು ಕಲಿಸುವ ಶಾಲೆ ತೆರೆಯುತ್ತಿದ್ದಾನೆ. ನಮ್ಮ ಅಂಗಡಿಯವರೇ ಜಾಗ ಕೊಟ್ಟು ಹೊಸ ಸಾಮಾನೆಲ್ಲ ಕೊಡುತ್ತಿದ್ದಾರೆ. ಮಾತಾಡಿಸಿಕೊಟ್ಟವಳು ನಾನೇ. ಇಪ್ಪತ್ತು ಜನ ಹೆಸರು ಕೊಟ್ಟಿದ್ದಾರೆ. ಬೋರ್ಡಿನಲ್ಲಿ ಅವನ ಹೆಸರಿನ ಕೆಳಗೆ "ಸುರಕ್ಷತೆಯೇ ಮೊದಲು" ಅಂತ ಬರೆಸಿದ್ದಾನೆ.

ಅವನು ನಿಮಗೆ ಮಾಡಿದ್ದು ತಪ್ಪು. ನೂರು ಸಲ ಹೇಳುತ್ತೇನೆ, ತಪ್ಪು. ಆದರೆ ಇದೊಂದು ಕೆಲಸ ಕೆಟ್ಟರೆ ಅವನು ಮತ್ತೆ ಮೇಲೇಳುವುದಿಲ್ಲ. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಓದಿಸಿದವನು. ಶಾಲೆ ಒಂದು ಹದಕ್ಕೆ ಬರಲಿ. ಆಮೇಲೆ ಬೇಕಾದರೆ ನಾನೇ ಅವನನ್ನು ಕೂರಿಸಿ ಕೇಳುತ್ತೇನೆ.

ಪುಟ್ಟಿ


ಏಪ್ರಿಲ್ 19

ಪುಟ್ಟಿ,

ಎದುರು ಬೀದಿಯಲ್ಲೇ ಇದ್ದಾನೆ. ಚೆನ್ನಾಗಿದೆ. "ಅಣ್ಣನ ಸುದ್ದಿ ಅಷ್ಟಾಗಿ ಗೊತ್ತಿಲ್ಲ" ಅಂತ ನೀನು ಬರೆದಾಗ, ಪಾಪ ಹುಡುಗಿಯನ್ನೂ ಬಿಟ್ಟುಹೋದನಲ್ಲ ಅಂತ ನಾನು ನಿನಗಾಗಿ ಮರುಗಿದ್ದೆ.

ಜಾಹೀರಾತು ಇಲ್ಲಿದೆ. ನಿನ್ನ ನಿಯಮ ಎಲ್ಲಾದರೂ ಮುರಿದಿದ್ದರೆ ತೋರಿಸು.

"ಹಗ್ಗ, ನೀಲಿ. ಹತ್ತಲು ಬಳಸುವಂತಿಲ್ಲ, ಸಾಮಾನು ಕಟ್ಟಲು ಮಾತ್ರ. ಏಳು ವರ್ಷದಿಂದ ಮನೆಯೊಳಗೆ, ಬಿಸಿಲು ಬೀಳದ ಗೋಡೆಯ ಮೇಲಿತ್ತು.

ದೋಷ: ಒಂದು ತುದಿಯಿಂದ ಮೂರು ಮಾರು ಕತ್ತರಿಸಲಾಗಿದೆ. ನಡುವಿನ ಕಪ್ಪು ಗುರುತು ನಡುವಿನಲ್ಲಿಲ್ಲ. ಕತ್ತರಿಸಿದವರು ಗುರುತನ್ನು ಬದಲಿಸಲಿಲ್ಲ, ಹಗ್ಗ ಹಿಡಿದವಳಿಗೆ ತಿಳಿಸಲಿಲ್ಲ.

ಹಿಂದೆ ಆದದ್ದು: ಇಳಿಸುವಾಗ ಹಗ್ಗ ಮುಗಿದು ಒಬ್ಬರು ಬಿದ್ದು ಕಾಲು ಮುರಿದುಕೊಂಡರು. ಬಿದ್ದವರೇ ಕತ್ತರಿಸಿದವರು. ಹಿಡಿದವಳು ಕೈ ಬಿಟ್ಟಳು ಎಂದು ಅವರು ಹೇಳುತ್ತಾ ಬಂದಿದ್ದಾರೆ.

ಮಾರಲು ಕಾರಣ: ಅಳತೆ ಸುಳ್ಳು.

ಚಿತ್ರಗಳು: ಎರಡು ತುದಿ, ಕಪ್ಪು ಗುರುತು, ಹಿಡಿದವಳ ಅಂಗೈ.

ಕೊರಿಯರ್ ಇಲ್ಲ. ಬಳಗದ ಆಫೀಸಿಗೆ ಖುದ್ದಾಗಿ ಬಂದು, ಎಲ್ಲರೆದುರು ಅಳೆದು, ಒಯ್ಯಬೇಕು."

ಕಿಟಕಿಯ ಪಕ್ಕದಲ್ಲೇ ಚಿತ್ರ ತೆಗೆದಿದ್ದೇನೆ. ಹಿಂದೆ ಬಕೆಟ್ಟು ಇಲ್ಲ.

ಅತ್ತಿಗೆ


ಏಪ್ರಿಲ್ 25

ಮಾನ್ಯರೇ,

ತಾವು ಕಳಿಸಿದ ಜಾಹೀರಾತನ್ನು ಪರಿಶೀಲಿಸಲಾಗಿದೆ. ಹಗ್ಗವನ್ನು ಯಾವಾಗ ಕತ್ತರಿಸಲಾಯಿತು ಎಂಬುದಕ್ಕೆ ಪುರಾವೆ ಇಲ್ಲದಿರುವುದರಿಂದ ಪ್ರಕಟಿಸಲು ಸಾಧ್ಯವಾಗುತ್ತಿಲ್ಲ.

ಪುಟದ ಮೇಲ್ವಿಚಾರಕಿ


ಏಪ್ರಿಲ್ 30

ಮಾನ್ಯರೇ ಅಂತೆ! ಇಷ್ಟು ದೊಡ್ಡವಳಾದೆಯಾ?

ಪುರಾವೆ ನನ್ನ ಅಂಗೈಯಲ್ಲಿದೆ, ಕೈ ಬಿಟ್ಟವಳ ಅಂಗೈ ಸುಡುವುದಿಲ್ಲ. ಅದು ಸಾಲದು ಅಂದರೆ ಇನ್ನು ಕಾಗದ ಬರೆಯಬೇಡ. ಒಂದು ಮಾತು ಮಾತ್ರ ಯೋಚಿಸು. ಮುಂದಿನ ತಿಂಗಳು ಅವನು ಇಪ್ಪತ್ತು ಜನಕ್ಕೆ ಹಗ್ಗ ಹಿಡಿಯುವುದನ್ನು ಕಲಿಸುತ್ತಾನೆ. ಅವನು ಮಾಡಿದ ತಪ್ಪಿಗೆ ಆ ಇಪ್ಪತ್ತರಲ್ಲಿ ಯಾರ ಕೈ ಸುಡಬೇಕು ಅಂತ ನೀನೇ ಆರಿಸಿಡು, ಮೇಲ್ವಿಚಾರಕಿ ತಾನೆ ನೀನು.

ಹೆಸರು ಹಾಕುವುದಿಲ್ಲ. ನಾನು ಯಾರು ಅಂತ ನಿನಗೆ ಗೊತ್ತಿದ್ದರೆ ಸಾಕು.


ಮೇ 6

ಅತ್ತಿಗೆ,

ಜಾಹೀರಾತು ಇವತ್ತು ಬೆಳಿಗ್ಗೆ ಹಾಕಿದೆ. ನೀವು ಬರೆದದ್ದರಲ್ಲಿ ಒಂದು ಅಕ್ಷರ ಮುಟ್ಟಿಲ್ಲ. ಚಿತ್ರ ಮಾತ್ರ ಒಂದು ಸೇರಿಸಿದ್ದೇನೆ.

ನನ್ನ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ಹಗ್ಗದ ಚಿತ್ರ. ನೀಲಿ. ತುದಿ ಸಿಗಲಿಲ್ಲ ಅಂತ ನೀವು ಬರೆದ ಮಾರ್ಚ್ ಕಾಗದ ಓದಿದ ದಿನವೇ ಎದ್ದು ಹೋಗಿ ನೋಡಿದ್ದೆ. ಒಂದು ತುದಿಗೆ ಕಂಪನಿಯ ಬಿಳಿ ಪಟ್ಟಿ, ಇನ್ನೊಂದು ತುದಿಗೆ ಕರಗಿದ ಕರಿ ಗುಂಡು. ಅಳೆದೆ, ಮೂರು ಮಾರು. ನಾನು ಈ ಮನೆಗೆ ಬಂದ ವಾರ ಅಣ್ಣ ತಂದು ಕಟ್ಟಿಕೊಟ್ಟದ್ದು. "ತುದಿ ನಾರುನಾರಾಗಿತ್ತು, ಕತ್ತರಿಸಿದೆ, ನಿನಗೆ ಬಟ್ಟೆಗಾಯ್ತು" ಅಂದಿದ್ದ. ಮೇಲಿನ ಕೊಂಡಿ ಎಟುಕಲಿಲ್ಲ ಅಂತ ಕುರ್ಚಿ ಕೂಡ ಇಲ್ಲದೆ ಎಗರಿ ಎಗರಿ ಕಟ್ಟಿದ. ಎಗರಿ ಎಗರಿ, ಅತ್ತಿಗೆ. ಆಗ ಅವನು ಕುಂಟುತ್ತಿರಲಿಲ್ಲ. ಕಾಲು ಮುರಿದದ್ದು ಅದಾದ ಮೇಲೆ.

ಇಷ್ಟು ಗೊತ್ತಿದ್ದೂ ನಿಮಗೆ "ಪುರಾವೆ ಇಲ್ಲ" ಅಂತ ಬರೆದೆ. ಆ ಕಾಗದ ಬರೆಯುವಾಗ ನನ್ನ ಬಟ್ಟೆ ಅದರ ಮೇಲೇ ಒಣಗುತ್ತಿತ್ತು.

ನಿಮ್ಮ ಕೊನೆಯ ಕಾಗದ ಬಂದ ಮೇಲೆ ಎದುರು ಬೀದಿಗೆ ಹೋದೆ. ಅವನು ಹೊಸ ಹಗ್ಗಗಳನ್ನು ಸುತ್ತುತ್ತಾ ಕೂತಿದ್ದ.

"ಅಣ್ಣ, ಅತ್ತಿಗೆ ಬಿಟ್ಟಿದ್ದಲ್ಲ ಅಲ್ವಾ? ಹಗ್ಗ ಗಿಡ್ಡ ಇತ್ತು ಅಲ್ವಾ?" ಅಂದೆ.

ಸುಳ್ಳು ಹೇಳುತ್ತಾನೆ ಅಂದುಕೊಂಡಿದ್ದೆ. ಹೇಳಲಿಲ್ಲ. "ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ಹೊಳೀತು" ಅಂದ.

"ಮತ್ತೆ ಯಾಕೆ ಹೇಳ್ಲಿಲ್ಲ?"

"ಅಷ್ಟು ಹೊತ್ತಿಗೆ ಅವಳೇ ಒಪ್ಪಿಕೊಂಡಿದ್ದಳಲ್ಲ. ಈಗ ಅದೆಲ್ಲ ಯಾಕೆ ಬಿಡು" ಅಂದ. ಅಂದು, ಹಗ್ಗ ಸುತ್ತುವುದನ್ನು ಮುಂದುವರಿಸಿದ.

ಅವನು ಅತ್ತಿದ್ದರೆ, ಬೈದಿದ್ದರೆ, ನಾನು ಜಾಹೀರಾತು ಹಾಕುತ್ತಿರಲಿಲ್ಲವೇನೋ. ಸುತ್ತುತ್ತಲೇ ಇದ್ದ. ಮನೆಗೆ ಬಂದು ಬಟ್ಟೆ ಇಳಿಸಿ ಚಿತ್ರ ತೆಗೆದೆ.

ಪುಟ್ಟಿ


ಮೇ 20

ಅತ್ತಿಗೆ,

ನೀವು ಉತ್ತರ ಬರೆಯದಿದ್ದರೂ ನಾನು ಬರೆಯುತ್ತೇನೆ. ಇಲ್ಲಿ ಆದದ್ದು ನಿಮಗೆ ತಿಳಿಯಬೇಕು.

ಜಾಹೀರಾತನ್ನು ಎಲ್ಲರೂ ಓದಿದರು. ಹೆಸರು ಇಲ್ಲದಿದ್ದರೇನು, ಆ ಹಗ್ಗದ ಕಥೆಯನ್ನು ಎರಡೂ ಊರಿನವರಿಗೆ ಹೇಳಿ ಹೇಳಿ ಬಾಯಿಪಾಠ ಮಾಡಿಸಿದ್ದವನು ಅವನೇ ತಾನೆ. ಶಾಲೆಯ ಮೊದಲ ದಿನ ಅವನು ಹಗ್ಗ ಕೈಗೆ ತೆಗೆದುಕೊಂಡು ಮಾತು ಶುರುಮಾಡಿದ. ಮುಂದೆ ನಿಂತಿದ್ದ ಬ್ಯಾಂಕಿನ ಕ್ಯಾಶಿಯರಮ್ಮ ಮೆಲ್ಲಗೆ, "ಸರ್, ಇದನ್ನ ಅಳೆದಿದ್ದೀರಾ?" ಅಂತ ಕೇಳಿದಳು. ಯಾರೂ ನಗಲಿಲ್ಲ. ಅವನು ಹೊಸದು ಅಂದ. "ಆದ್ರೂ ಅಳೆದುಬಿಡೋಣ ಸರ್" ಅಂದಳು. ಇಪ್ಪತ್ತು ಜನವೂ ಅಲ್ಲೇ ಕೂತು ಅಳೆದರು. ಅವನು ನೋಡುತ್ತಾ ನಿಂತಿದ್ದ. ಮರುದಿನ ಬಂದವರು ಆರು ಜನ.

ಹಲ್ಲಿನ ಡಾಕ್ಟರು ನನ್ನ ಮನೆಗೆ ಬಂದು, "ಆ ಹಗ್ಗ ತೋರಿಸ್ತೀರಾ" ಅಂದರು. ಬಾಲ್ಕನಿಯಲ್ಲಿ ನಿಂತು ಬಿಳಿ ಪಟ್ಟಿಯನ್ನು ತುಂಬಾ ಹೊತ್ತು ಹಿಡಿದುಕೊಂಡಿದ್ದರು. ಅವನಿಗೆ ಹಗ್ಗ ಹಿಡಿಯುವವರು ಈಗ ಅವರೇ. ಇನ್ನು ಹಿಡಿಯುವುದಿಲ್ಲ ಅಂತ ಅವತ್ತೇ ಹೇಳಿದರಂತೆ. "ನಾಳೆ ಏನಾದ್ರೂ ಆದ್ರೆ ನನ್ನ ಬಗ್ಗೆ ಏನು ಕಥೆ ಕಟ್ತೀಯೋ" ಅಂದರಂತೆ.

ಜಾಹೀರಾತು ತೆಗೆದುಹಾಕು ಅಂತ ಅಣ್ಣ ನನ್ನ ಮೇಲೆ ಕೂಗಾಡಿದ. ಪುಟದ ನಿಯಮ ಹೇಳಿದೆ: ವಸ್ತು ಮಾರಾಟವಾಗಿ, ಕೊಂಡವರ ಕೈ ಸೇರಿದ ಮೇಲಷ್ಟೇ ತೆಗೆಯುತ್ತೇವೆ. "ನಾನೇ ಕೊಳ್ತೀನಿ, ಕೊರಿಯರ್ ಮಾಡೋಕೆ ಹೇಳು" ಅಂದ. ಕೊರಿಯರ್ ಇಲ್ಲ ಅಂತ ಬರೆದಿದೆ, ಸರಿಯಾಗಿ ಓದು ಅಂದೆ. ನಮ್ಮ ಅಂಗಡಿಯ ಮಾಲೀಕರೂ, "ಹೋಗಿ ಬಗೆಹರಿಸ್ಕೊಂಡು ಬಾ, ಇಲ್ಲದಿದ್ರೆ ಜಾಗ ಖಾಲಿ ಮಾಡು" ಅಂದಿದ್ದಾರೆ. ಜೂನ್ ಮೊದಲ ಭಾನುವಾರ ಬರುತ್ತಾನೆ. ಒಬ್ಬನೇ.

ಅವನು ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಎದುರು ಬೀದಿಯಲ್ಲಿ ಕಂಡರೆ ಮುಖ ತಿರುಗಿಸುತ್ತಾನೆ. ನಿಮಗೆ ಇದನ್ನು ದೂರು ಅಂತ ಹೇಳುತ್ತಿಲ್ಲ. ಅತ್ತುಕೊಂಡಿದ್ದೇನೆ, ಅಷ್ಟೇ.

ನೀವು ಹೆಸರು ಹಾಕದೆ ಕಾಗದ ಮುಗಿಸಿದಿರಲ್ಲ, ಅದು ಮಾತ್ರ ಇನ್ನೊಮ್ಮೆ ಮಾಡಬೇಡಿ.

ಪುಟ್ಟಿ


ಜೂನ್ 8

ಪ್ರೀತಿಯ ಪುಟ್ಟಿ,

ಹಗ್ಗ ಮಾರಾಟವಾಯಿತು. ಜಾಹೀರಾತು ತೆಗೆದುಹಾಕಬಹುದು.

ನಿನ್ನ ಮೇಲೆ ಕೋಪ ಇತ್ತು. ಬಾಲ್ಕನಿಯ ಕಾಗದ ಓದಿದ ದಿನವಂತೂ ನಿನ್ನನ್ನು ಎಳೆದು ಎರಡು ಬಿಗಿಯಬೇಕು ಅನ್ನಿಸಿತು. ಈಗ ಇಳಿದಿದೆ. ಅವನನ್ನು ಎದುರು ಹಾಕಿಕೊಳ್ಳುವುದು ನನಗಿಂತ ನಿನಗೆ ಕಷ್ಟ ಅಂತ ಗೊತ್ತು.

ಭಾನುವಾರ ಬಳಗದ ಆಫೀಸು ತುಂಬಿತ್ತು. ನಾನು ಯಾರನ್ನೂ ಕರೆದಿರಲಿಲ್ಲ, ಎಲ್ಲರೂ ಜಾಹೀರಾತು ಓದಿ ತಾವಾಗೇ ಬಂದಿದ್ದರು. ಬಳಗ ಕಟ್ಟಿದ ಹಳೇ ಡ್ರಿಲ್ ಮೇಷ್ಟ್ರು ಮುಂದಿನ ಕುರ್ಚಿಯಲ್ಲಿ ಕೋಲೂರಿ ಕೂತಿದ್ದರು. "ಗಟ್ಟಿ ಹಿಡ್ಕೊಳಮ್ಮಾ" ಅನ್ನುತ್ತಿದ್ದ ಹೆಂಗಸರು ನನ್ನ ಕಣ್ಣು ತಪ್ಪಿಸಿ ಹಿಂದಿನ ಸಾಲಿನಲ್ಲಿ ಸೇರಿಕೊಂಡಿದ್ದರು.

ಅವನು ಬಂದ. ಇಳಿದುಹೋಗಿದ್ದಾನೆ. ಬಾಗಿಲಲ್ಲೇ ನಿಂತು, "ಹಗ್ಗ ಕೊಡು, ಹೋಗ್ತೀನಿ" ಅಂದ. ನಾನು ಹಗ್ಗವನ್ನು ಅವನ ಕಾಲ ಬಳಿ ನೆಲದ ಮೇಲಿಟ್ಟೆ. "ಅಳತೆ ಹಾಕು" ಅಂದೆ.

ಉದ್ದದ ಕಡೆಯಿಂದ ಶುರುಮಾಡಿದ, ಬುದ್ಧಿವಂತ. ಕೈ ಚಾಚಿ ಚಾಚಿ ಅಳೆದು ಕಪ್ಪು ಗುರುತಿಗೆ ಬಂದು ನಿಂತು, "ಸರಿ ಇದೆಯಲ್ಲ, ಸಾಕಾ?" ಅಂದ. ನಾನು ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಕೋಲಿನಿಂದ ಇನ್ನೊಂದು ತುದಿ ತೋರಿಸಿದರು. ಅವನು ಆ ತುದಿಯಿಂದಲೂ ಎಣಿಸಿದ. ಎಣಿಸುತ್ತಾ ಎಣಿಸುತ್ತಾ ದನಿ ಸಣ್ಣದಾಯಿತು. ಗುರುತು ಬೇಗ ಬಂದುಬಿಟ್ಟಿತು.

"ಯಾರು ಕತ್ತರಿಸಿದ್ದು?" ಅಂದೆ.

"ನಾನು."

"ಯಾವಾಗ?"

"ಬೀಳೋಕೆ ಮೊದಲು."

"ನಾನು ಕೈ ಬಿಟ್ಟಿದ್ನಾ?"

ಕೈಯಲ್ಲಿದ್ದ ಹಗ್ಗವನ್ನು ಕೆಳಗೆ ಹಾಕಿದ. ಆಮೇಲೆ, "ಇಲ್ಲ, ನೀನು ಕೈ ಬಿಡ್ಲಿಲ್ಲ" ಅಂದ, ನನಗೆ ಮಾತ್ರ ಕೇಳುವ ಹಾಗೆ.

ಇಂಥ ಹೊತ್ತಿನಲ್ಲಿ ಮನಸ್ಸು ಕರಗುತ್ತದೆ, ಸೇಡಿನಲ್ಲಿ ಏನೂ ಇಲ್ಲ ಅನ್ನಿಸುತ್ತದೆ ಅಂತ ಜನ ಹೇಳುತ್ತಾರೆ. ನಾನೂ ಕಾದೆ. ಹಾಗೇನೂ ಆಗಲಿಲ್ಲ ಪುಟ್ಟಿ. ನನಗೆ ಖುಷಿಯಾಯಿತು. ಏಳು ವರ್ಷ ಅವನು ನಗಿಸಿದ ಒಂದೊಂದು ನಗುವೂ ನೆನಪಾಗಿ, ತುಂಬಾ ಖುಷಿಯಾಯಿತು.

"ಹಿಂದಿನ ಸಾಲಿನವರಿಗೆ ಕೇಳಿಸ್ಲಿಲ್ಲ, ಗಟ್ಟಿಯಾಗಿ ಹೇಳು" ಅಂದೆ.

ಹೇಳಿದ. ಈ ಸಲ ಎಲ್ಲರಿಗೂ ಕೇಳಿಸಿತು. ಮೇಷ್ಟ್ರು ತಲೆಯಾಡಿಸಿದರು, ಹಿಂದಿನ ಸಾಲಿನಲ್ಲಿ ಯಾರೋ ಅತ್ತರು. ಆದರೂ ಮೂರನೇ ಸಲ ಹೇಳಿಸಿದೆ.

ನಿನ್ನ ಅತ್ತಿಗೆ